ಮಿಕ್ಸರಿನಲ್ಲಿ ಧ್ವನಿ ಹಂಚಿಕೆ

ಮಿಕ್ಸರಿನಲ್ಲಿ ಧ್ವನಿ ಹಂಚಿಕೆ ಎಂದರೆ ವೇದಿಕೆಯ ಮೈಕುಗಳಿಂದಲೂ ವಾದ್ಯಗಳಿಂದಲೂ ಬರುವ ಧ್ವನಿ ಸಂಕೇತಗಳನ್ನು ಮಿಕ್ಸಿಂಗ್ ಕನ್ಸೋಲ್ ಎಂಬ ಉಪಕರಣದೊಳಗೆ ಬರಮಾಡಿಕೊಂಡು, ಯಾವ ಸಂಕೇತವು ಯಾವ ಸ್ಪೀಕರಿಗೆ ಎಷ್ಟು ಪ್ರಮಾಣದಲ್ಲಿ ತಲುಪಬೇಕೆಂದು ನಿರ್ಧರಿಸಿ ಕಳುಹಿಸುವ ಕ್ರಮ. ನಾಟಕ, ಹರಿಕಥೆ, ಯಕ್ಷಗಾನ, ರಸಮಂಜರಿ, ಸಂಗೀತ ಕಛೇರಿ, ಜಾತ್ರೆಯ ಕಥಾಗಾಯನ ಮೊದಲಾದ ನೇರ ಕಾರ್ಯಕ್ರಮಗಳಲ್ಲಿ ಇದರ ಬಳಕೆಯಿದೆ. ಆಡುಮಾತಿನಲ್ಲಿ ಉಪಕರಣವನ್ನು ಮಿಕ್ಸರ್ ಎಂದೂ, ಮೈಕು, ಆಂಪ್ಲಿಫೈಯರ್, ಸ್ಪೀಕರುಗಳು ಸೇರಿದ ಇಡೀ ವ್ಯವಸ್ಥೆಯನ್ನು ಮೈಕ್ ಸೆಟ್ ಎಂದೂ ಕರೆಯುತ್ತಾರೆ. ಹೆಸರು ಮಿಶ್ರಣವನ್ನು ಸೂಚಿಸಿದರೂ ಈ ಉಪಕರಣದ ಕೆಲಸದಲ್ಲಿ ಅರ್ಧಪಾಲು ಬೇರ್ಪಡಿಸುವುದೇ ಆಗಿದೆ. ಒಂದೇ ಹಾಡು ಸಭಿಕರಿಗೆ ಒಂದು ಬಗೆಯಲ್ಲಿ, ಹಾಡುವವರಿಗೆ ಇನ್ನೊಂದು ಬಗೆಯಲ್ಲಿ, ಧ್ವನಿಮುದ್ರಣಕ್ಕೆ ಮತ್ತೊಂದು ಬಗೆಯಲ್ಲಿ ಬೇಕಾಗುತ್ತದೆ.

ಈ ಲೇಖನದ ಉದಾಹರಣೆಗಳನ್ನು ಬಹುಮಟ್ಟಿಗೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಭಾಗದ ಕಥಾಗಾಯನದಿಂದ ತೆಗೆದುಕೊಳ್ಳಲಾಗಿದೆ.

ಹಿನ್ನೆಲೆ

ಹನೂರು ತಾಲ್ಲೂಕಿಗೆ ಸೇರಿದ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಚರಿತ್ರೆಯನ್ನು ದೇವರಗುಡ್ಡರು ಕಂಸಾಳೆ ಬಾರಿಸುತ್ತ ಹಾಡುತ್ತಾರೆ. ಕಂಸಾಳೆಯು ಲೋಹದ ಜೋಡಿ ತಾಳ. ಒಂದು ಕೈಯಲ್ಲಿ ಬಟ್ಟಲಿನ ಆಕಾರದ ಭಾಗವಿದ್ದರೆ ಇನ್ನೊಂದು ಕೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ಭಾಗವಿರುತ್ತದೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಗಳನ್ನು ನೀಲಗಾರರು ತಂಬೂರಿ, ಗಗ್ಗರಗಳೊಡನೆ ಹಾಡುತ್ತಾರೆ. ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆ ಅವರ ಹಾಡಿಕೆಗೆ ಹೆಸರಾದದ್ದು. ಮಾದೇಶ್ವರನ ಕಾವ್ಯವು ‘ಸಾಲು’ಗಳಾಗಿ ವಿಂಗಡಗೊಂಡಿದೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಮುಂತಾದ ಒಂದೊಂದು ಸಾಲನ್ನು ಪೂರ್ತಿಯಾಗಿ ಹಾಡಲು ಗಂಟೆಗಟ್ಟಲೆ ಬೇಕಾಗುತ್ತದೆ. ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ ಗ್ರಂಥದ ಮೂಲಕ ಈ ಕಾವ್ಯ ಓದುಗರಿಗೂ ದೊರೆತಿದೆಯಾದರೂ ಅದರ ನಿಜವಾದ ನೆಲೆ ಇಂದಿಗೂ ಹಾಡುವವರ ಕಂಠವೇ.

ಗುಡಿಯ ಜಗಲಿಯಲ್ಲೋ ಮನೆಯ ಪಡಸಾಲೆಯಲ್ಲೋ ಹಾಡುವಾಗ ಕೇಳುಗರು ಕೆಲವೇ ಮಾರು ದೂರದಲ್ಲಿ ಕುಳಿತಿರುತ್ತಾರೆ. ಹಾಡುವವರ ಬಾಯಿ ಅವರಿಗೆ ಕಾಣುತ್ತಿರುತ್ತದೆ, ಪದ ತಪ್ಪಿದರೂ ಮುಖಭಾವದಿಂದ ಕಥೆ ತಿಳಿಯುತ್ತದೆ. ಅಜ್ಜೀಪುರದಂತಹ ಊರಿನ ಬಯಲಿನಲ್ಲಿ ಶಾಮಿಯಾನ ಹಾಕಿ, ವೇದಿಕೆ ಕಟ್ಟಿ, ನೂರಾರು ಜನರನ್ನು ಕೂರಿಸಿದಾಗ ಈ ಅನುಕೂಲವಿರುವುದಿಲ್ಲ. ಅಲ್ಲಿ ಕಥೆ ತಲುಪುವುದು ಸ್ಪೀಕರಿನ ಮೂಲಕ ಮಾತ್ರ. ಮಾತಿನ ಸ್ಪಷ್ಟತೆಯು ಬಹುಮಟ್ಟಿಗೆ 1,000ದಿಂದ 4,000 ಹರ್ಟ್ಸ್ ನಡುವಿನ ವ್ಯಂಜನಗಳನ್ನು ಅವಲಂಬಿಸಿದೆ. ಲೋಹದ ತಾಳದ ನಾದವು ಇದೇ ಪಟ್ಟಿಯನ್ನೂ ಅದರ ಮೇಲಿನದನ್ನೂ ತುಂಬಿಬಿಡುತ್ತದೆ. ಎಲ್ಲ ಮೈಕುಗಳನ್ನೂ ಒಂದೇ ದಾರಿಯಲ್ಲಿ ಹರಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ ಸ್ವರಗಳು ಉಳಿದು ವ್ಯಂಜನಗಳು ಕಳೆದುಹೋಗುತ್ತವೆ. ಆಗ ಜನರಿಗೆ ರಾಗ ಕೇಳಿಸುತ್ತದೆ, ಕಥೆ ಕೇಳಿಸುವುದಿಲ್ಲ.

ಹಾಡುವವರ ಕಡೆಯಿಂದ ನೋಡಿದರೆ ತೊಂದರೆ ಇನ್ನೂ ದೊಡ್ಡದು. ಸುತ್ತಲಿನ ಗದ್ದಲದಲ್ಲಿ ತನ್ನ ದನಿ ತನಗೇ ಕೇಳಿಸದಿದ್ದರೆ ಮನುಷ್ಯನು ಅರಿವಿಲ್ಲದೆಯೇ ದನಿ ಏರಿಸುತ್ತಾನೆ. ಇದನ್ನು 1911ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ಡ್ ಅವರ ಹೆಸರಿನಿಂದ ಲೊಂಬಾರ್ಡ್ ಪರಿಣಾಮ ಎಂದು ಕರೆಯುತ್ತಾರೆ. ಒಂದು ಭಾಷಣಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಹೊತ್ತುಗಟ್ಟಲೆ ಕಥೆ ಹೇಳಬೇಕಾದ ಗಾಯಕನಿಗೆ ಮೊದಲ ಗಂಟೆಯಲ್ಲೇ ಗಂಟಲು ಕಟ್ಟುತ್ತದೆ. ಆದ್ದರಿಂದ ಹಾಡುವವರಿಗೆ ಅವರದೇ ದನಿಯನ್ನು ಬೇರೊಂದು ದಾರಿಯಲ್ಲಿ ಹಿಂದಿರುಗಿಸುವುದು ಮಿಕ್ಸರಿನ ಅತ್ಯಂತ ಮುಖ್ಯವಾದ ಕೆಲಸವಾಗಿದೆ. ಊರ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಕಡೆಗಣಿಸಲ್ಪಡುವುದೂ ಇದೇ.

ಸಂಕೇತದ ಹಾದಿ

ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತ ಅತಿ ದುರ್ಬಲವಾದದ್ದು. ಹಾಡುವ ದನಿಗೆ ಅದು ವೋಲ್ಟಿನ ಸಾವಿರದ ಕೆಲವು ಪಾಲಿನಷ್ಟಿರುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಒಂದೇ ಸಂಕೇತ ಎರಡು ತಂತಿಗಳಲ್ಲಿ ವಿರುದ್ಧ ದಿಕ್ಕಿನ ಏರಿಳಿತವಾಗಿ ಸಾಗುತ್ತದೆ. ದಾರಿಯಲ್ಲಿ ಸೇರಿಕೊಳ್ಳುವ ಗುಂಯ್‌ಗುಡುವಿಕೆ ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿನಲ್ಲಿರುವುದರಿಂದ ಮಿಕ್ಸರಿನಲ್ಲಿ ಒಂದನ್ನು ಇನ್ನೊಂದರಿಂದ ಕಳೆದಾಗ ಅದು ಅಳಿದು ಹಾಡಿನ ಸಂಕೇತ ಮಾತ್ರ ಉಳಿಯುತ್ತದೆ. ವೇದಿಕೆಯಿಂದ ದೂರದ ಮಿಕ್ಸರಿನವರೆಗೆ ತಂತಿ ಎಳೆಯಲು ಸಾಧ್ಯವಾಗಿರುವುದು ಈ ಸರಳ ಉಪಾಯದಿಂದ.

ಮಿಕ್ಸರಿನಲ್ಲಿ ಪ್ರತಿ ಮೈಕಿಗೂ ಮೇಲಿನಿಂದ ಕೆಳಗೆ ಸಾಗುವ ಒಂದು ಪಟ್ಟಿಯಿರುತ್ತದೆ. ಇದು ಚಾನೆಲ್. ಮೊದಲು ಬರುವ ಗೇನ್ ಗುಂಡಿಯು ದುರ್ಬಲ ಸಂಕೇತವನ್ನು ಕೆಲಸಕ್ಕೆ ಬರುವ ಮಟ್ಟಕ್ಕೆ ಏರಿಸುತ್ತದೆ. ವೃತ್ತಿಪರ ಉಪಕರಣಗಳಲ್ಲಿ ಈ ಮಟ್ಟ ಸುಮಾರು 1.23 ವೋಲ್ಟ್. ಗೇನ್ ಕಡಿಮೆಯಾದರೆ ಮುಂದೆ ಎಲ್ಲಿ ಏರಿಸಿದರೂ ಹಿಸ್ಸೆನ್ನುವ ಸದ್ದೂ ಜೊತೆಗೇ ಏರುತ್ತದೆ. ಹೆಚ್ಚಾದರೆ ಕೆಂಪು ದೀಪ ಹೊತ್ತಿ ದನಿ ಒಡೆಯುತ್ತದೆ, ಹೀಗೆ ಒಡೆದದ್ದನ್ನು ಮುಂದಿನ ಯಾವ ಗುಂಡಿಯೂ ಸರಿಪಡಿಸಲಾರದು. ಗೇನ್ ನಂತರ ತಗ್ಗು ಕಂಪನಗಳನ್ನು ತಡೆಯುವ ಶೋಧಕ, ಅದರ ನಂತರ ದನಿಯ ಬಣ್ಣ ತಿದ್ದುವ ಈಕ್ವಲೈಸರ್, ಬಳಿಕ ಆಕ್ಸ್ ಗುಂಡಿಗಳು, ಎಡಬಲಗಳ ಪ್ಯಾನ್ ಗುಂಡಿ, ಕೊನೆಯಲ್ಲಿ ಕೈಯಳತೆಯಲ್ಲಿ ಜಾರುವ ಫೇಡರ್ ಇರುತ್ತವೆ. ಶೋಧಕವನ್ನು ಸುಮಾರು 100 ಹರ್ಟ್ಸಿನಲ್ಲಿ ಇಟ್ಟರೆ ಹಲಗೆಯ ವೇದಿಕೆಯ ಮೇಲೆ ಕುಣಿಯುವವರ ಹೆಜ್ಜೆಯ ಧಡಧಡವೂ ಬಯಲ ಗಾಳಿಯ ಹೊಡೆತವೂ ಗಾಯಕನ ಮೈಕಿನಿಂದ ಬಹುಪಾಲು ದೂರವಾಗುತ್ತವೆ. ಬೀಸು ಕಂಸಾಳೆಯಂತಹ ಕುಣಿತದಲ್ಲಿ ಈ ಪುಟ್ಟ ಗುಂಡಿಯ ಉಪಕಾರ ದೊಡ್ಡದು.

ಚಾನೆಲ್ಲಿನ ಮೇಲೆ ಪಿಎಫ್‌ಎಲ್ ಎಂದು ಬರೆದ ಗುಂಡಿಯನ್ನು ಒತ್ತಿದರೆ ಆ ಒಂದು ಮೈಕು ಮಾತ್ರ ನಿರ್ವಾಹಕನ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ, ಸಭೆಗೆ ಏನೂ ತಿಳಿಯುವುದಿಲ್ಲ. ಕಾರ್ಯಕ್ರಮಕ್ಕೆ ಮುನ್ನ ಒಂದೊಂದೇ ಚಾನೆಲ್ಲನ್ನು ಹೀಗೆ ಪರೀಕ್ಷಿಸಿ ಗೇನ್ ಹೊಂದಿಸುವುದು ಸರಿಯಾದ ಕ್ರಮ. ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಇಡೀ ಊರಿಗೆ ಕೇಳುವಂತೆ ಕೂಗುವ ಅಗತ್ಯವಿಲ್ಲ.

ಬಸ್ ಎಂಬ ಕಾಲುವೆ

ಹಲವು ಚಾನೆಲ್ಲುಗಳ ಸಂಕೇತಗಳು ಬಂದು ಕೂಡುವ ದಾರಿಗೆ ಬಸ್ ಎಂದು ಹೆಸರು. ಎಲ್ಲ ಮಿಕ್ಸರುಗಳಲ್ಲೂ ಇರುವ ಮುಖ್ಯ ಬಸ್ ಸಭಿಕರ ಸ್ಪೀಕರುಗಳಿಗೆ ಹೋಗುತ್ತದೆ. ಆಕ್ಸ್ ಬಸ್‌ಗಳು ವೇದಿಕೆಯ ಮಾನಿಟರ್ ಸ್ಪೀಕರುಗಳಿಗೂ, ಎಕೋ ಮುಂತಾದ ಪರಿಣಾಮಗಳಿಗೂ, ಧ್ವನಿಮುದ್ರಣಕ್ಕೂ ಬಳಕೆಯಾಗುತ್ತವೆ. ಗ್ರೂಪ್ ಬಸ್ ಒಂದೇ ಜಾತಿಯ ಚಾನೆಲ್ಲುಗಳನ್ನು ಒಂದು ಫೇಡರಿನ ಅಡಿಯಲ್ಲಿ ತರುತ್ತದೆ. ಮ್ಯಾಟ್ರಿಕ್ಸ್ ಬಸ್ ಈಗಾಗಲೇ ಕೂಡಿಸಿದ ಬಸ್‌ಗಳನ್ನೇ ಮತ್ತೆ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿ ಬೇರೆ ಬೇರೆ ಸ್ಥಳಗಳಿಗೆ ಕಳುಹಿಸುತ್ತದೆ.

ಈ ವ್ಯವಸ್ಥೆಯನ್ನು ನೀರಾವರಿಗೆ ಹೋಲಿಸಬಹುದು. ಕೊಳ್ಳೇಗಾಲದ ಬಳಿಯ ಗುಂಡಾಲ್ ಜಲಾಶಯ, ಹನೂರು ತಾಲ್ಲೂಕಿನ ಉಡುತೊರೆ ಹಳ್ಳದ ಜಲಾಶಯಗಳನ್ನು ಬಲ್ಲವರಿಗೆ ನಾಲೆ, ತೂಬು, ಕಾಲುವೆಗಳ ಲೆಕ್ಕ ಹೊಸದಲ್ಲ. ಆಕ್ಸ್ ಗುಂಡಿಯು ಒಂದು ತೂಬು. ಅದನ್ನು ಎಷ್ಟು ತೆರೆದರೆ ಅಷ್ಟು ಸಂಕೇತ ಆ ಕಾಲುವೆಗೆ ಇಳಿಯುತ್ತದೆ. ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ. ನಾಲೆಯಲ್ಲಿ ಮೇಲಿನವರು ತೂಬು ಎತ್ತಿದರೆ ಕೆಳಗಿನ ಗದ್ದೆಗೆ ನೀರು ಕಡಿಮೆಯಾಗುತ್ತದೆ. ಮಿಕ್ಸರಿನಲ್ಲಿ ಹಾಗಾಗುವುದಿಲ್ಲ. ಪ್ರತಿ ತೂಬಿಗೂ ಸಂಕೇತದ ಪ್ರತಿಯೊಂದು ಹೋಗುತ್ತದೆಯೇ ಹೊರತು ಪಾಲು ಹೋಗುವುದಿಲ್ಲ. ಗಾಯಕನ ದನಿಯನ್ನು ನಾಲ್ಕು ಕಡೆಗೆ ಕಳುಹಿಸಿದರೂ ಸಭಿಕರಿಗೆ ಒಂದು ಎಳೆಯಷ್ಟೂ ಕಡಿಮೆಯಾಗದು. ಹಂಚಿದರೆ ದನಿ ಕ್ಷೀಣಿಸುತ್ತದೆಂಬ ಭಯದಿಂದ ಕಲಾವಿದರಿಗೆ ಮಾನಿಟರ್ ಕೊಡದಿರುವುದಕ್ಕೆ ಯಾವ ಆಧಾರವೂ ಇಲ್ಲ.

ಫೇಡರಿಗೆ ಮುನ್ನ, ಫೇಡರಿನ ನಂತರ

ತೂಬು ಎಲ್ಲಿದೆ ಎಂಬುದು ಅದು ಎಷ್ಟು ತೆರೆದಿದೆ ಎಂಬುದಕ್ಕಿಂತ ಮುಖ್ಯ. ಆಕ್ಸ್ ಬಸ್ಸಿಗೆ ಸಂಕೇತವನ್ನು ಚಾನೆಲ್ಲಿನ ಫೇಡರಿಗೆ ಮುನ್ನವೇ ತೆಗೆದುಕೊಳ್ಳಬಹುದು, ನಂತರವೂ ತೆಗೆದುಕೊಳ್ಳಬಹುದು. ಮಿಕ್ಸರಿನ ಮೇಲೆ ಇವನ್ನು ಪ್ರೀ ಮತ್ತು ಪೋಸ್ಟ್ ಎಂದು ಗುರುತಿಸಿರುತ್ತಾರೆ.

ಪೋಸ್ಟ್ ಆಗಿದ್ದರೆ ಫೇಡರ್ ಏರಿಸಿದಾಗ ಆಕ್ಸಿಗೆ ಹೋಗುವ ಸಂಕೇತವೂ ಏರುತ್ತದೆ. ಎಕೋಗೆ ಇದು ಸರಿಯಾದ ಜಾಗ. ಗಾಯಕನ ಫೇಡರನ್ನು ಪೂರ್ತಿ ಇಳಿಸಿದಾಗ ಅವನ ಎಕೋ ಕೂಡ ಇಳಿಯಬೇಕು. ಇಲ್ಲವಾದರೆ ಮನುಷ್ಯನಿಲ್ಲದೆ ನೆರಳು ಮಾತ್ರ ಉಳಿದಂತೆ ಬರಿಯ ಮಾರ್ದನಿ ಕೇಳಿಸುತ್ತಿರುತ್ತದೆ. ಮಾನಿಟರಿಗೆ ಮಾತ್ರ ಪ್ರೀ ಇರಬೇಕು. ಹಿಂದಿನ ಸಾಲಿನವರು ‘ಕೇಳುತ್ತಿಲ್ಲ’ ಎಂದು ಕೈಯೆತ್ತಿದಾಗ ನಿರ್ವಾಹಕನು ಗಾಯಕನ ಫೇಡರನ್ನು ಏರಿಸುತ್ತಾನೆ. ಮಾನಿಟರ್ ಪೋಸ್ಟ್ ಆಗಿದ್ದರೆ ವೇದಿಕೆಯ ಮೇಲಿನ ಸದ್ದೂ ಅದರೊಡನೆ ಏರಿ, ಆ ಸದ್ದು ಮತ್ತೆ ಮೈಕಿಗೆ ನುಗ್ಗಿ, ಕ್ಷಣದಲ್ಲಿ ಕೂಗು ಆರಂಭವಾಗುತ್ತದೆ. ಪ್ರೀ ಆಗಿದ್ದರೆ ಸಭೆಗೆ ಎಷ್ಟು ಏರಿಸಿದರೂ ಇಳಿಸಿದರೂ ಗಾಯಕನಿಗೆ ಕೇಳುವ ದನಿ ಇದ್ದಂತೆಯೇ ಇರುತ್ತದೆ. ಅವನು ಹಾಡಿಕೆಯ ಮೇಲೆ ಗಮನವಿಡಬಹುದು.

ಸಣ್ಣ ಮಿಕ್ಸರುಗಳಲ್ಲಿ ಈ ಆಯ್ಕೆಗೆ ಪ್ರತ್ಯೇಕ ಗುಂಡಿಯಿರಬಹುದು, ಅಥವಾ ಮೊದಲ ಆಕ್ಸ್ ಪ್ರೀ, ಎರಡನೆಯದು ಪೋಸ್ಟ್ ಎಂದು ತಯಾರಕರೇ ನಿಗದಿ ಮಾಡಿರಬಹುದು. ಬಾಡಿಗೆಗೆ ತಂದ ಮಿಕ್ಸರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಇನ್ನೊಂದು ಎಚ್ಚರಿಕೆಯೂ ಬೇಕು. ಗೇನ್ ಎಂಬುದು ಎಲ್ಲ ತೂಬುಗಳಿಗೂ ಮೇಲಿರುವ ಮೂಲದ ಬಾಗಿಲು. ಕಾರ್ಯಕ್ರಮದ ನಡುವೆ ಗೇನ್ ಮುಟ್ಟಿದರೆ ಪ್ರೀ, ಪೋಸ್ಟ್ ಎಂಬ ಭೇದವಿಲ್ಲದೆ ಸಭೆ, ಮಾನಿಟರ್, ಮುದ್ರಣ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ.

ಕೂಗು

ಸ್ಪೀಕರಿನಿಂದ ಹೊರಟ ದನಿ ಮೈಕಿಗೆ ಮರಳಿ, ಮತ್ತೆ ವರ್ಧನೆಗೊಂಡು, ಮತ್ತೆ ಸ್ಪೀಕರಿನಿಂದ ಹೊರಟು ಸುತ್ತುತ್ತಿದ್ದರೆ ಯಾವುದೋ ಒಂದು ಕಂಪನಾಂಕದಲ್ಲಿ ಪ್ರತಿ ಸುತ್ತಿಗೂ ಅದು ಬಲಗೊಳ್ಳುತ್ತದೆ. ಜನ ಇದನ್ನು ಮೈಕ್ ಕೂಗುವುದು ಎನ್ನುತ್ತಾರೆ. ತಾಂತ್ರಿಕ ಬರಹಗಳಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. ಡೆನ್ಮಾರ್ಕಿನ ಭೌತಶಾಸ್ತ್ರಜ್ಞ ಸೋರೆನ್ ಲಾರ್ಸೆನ್ ಅವರ ನೆನಪಿನಲ್ಲಿ ಲಾರ್ಸೆನ್ ಪರಿಣಾಮ ಎಂಬ ಹೆಸರೂ ಇದೆ.

ಕೂಗನ್ನು ತಡೆಯಲು ಮೊದಲ ಉಪಾಯ ದೂರವನ್ನು ತಗ್ಗಿಸುವುದು. ಮೈಕು ಬಾಯಿಗೆ ಇದ್ದ ದೂರದ ಅರ್ಧಕ್ಕೆ ಬಂದರೆ ಸಂಕೇತವು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಅಷ್ಟು ಗೇನ್ ಇಳಿಸಬಹುದು. ಎರಡನೆಯದು ಬೇಡದ ಮೈಕುಗಳನ್ನು ಮುಚ್ಚುವುದು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಕೂಗಿಲ್ಲದೆ ಏರಿಸಬಹುದಾದ ಮಟ್ಟ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ಕಂಪನಿ ನಾಟಕಗಳಲ್ಲಿ ರಂಗದ ಮೇಲಿನಿಂದ ಇಳಿಬಿಟ್ಟ ಮೈಕುಗಳು ನಟರ ಬಾಯಿಗೆ ದೂರವಾಗಿರುವುದರಿಂದ ಈ ಎರಡು ಕಷ್ಟಗಳೂ ಅಲ್ಲಿ ಒಟ್ಟಿಗೆ ಬರುತ್ತವೆ. ನಟರು ಕಂಠವನ್ನೇ ನೆಚ್ಚಿಕೊಂಡು ಮಾತಾಡುವ ರೂಢಿ ಅಲ್ಲಿ ಉಳಿದುಬಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಸ್ಪೀಕರಿನ ಸ್ಥಾನ. ಕಾರ್ಡಿಯಾಯ್ಡ್ ಜಾತಿಯ ಮೈಕು ಹಿಂಬದಿಯ ಸದ್ದನ್ನು ಕಡಿಮೆ ಹಿಡಿಯುತ್ತದೆ. 1966ರಲ್ಲಿ ಬಂದ ಶ್ಯೂರ್ ಎಸ್‌ಎಂ58 ಈ ಜಾತಿಯದು. ಮಾನಿಟರನ್ನು ಇಂತಹ ಮೈಕಿನ ಬೆನ್ನಿಗೆ ನೇರವಾಗಿ ಇಡಬೇಕು. ಹೈಪರ್‌ಕಾರ್ಡಿಯಾಯ್ಡ್ ಮೈಕಾದರೆ ನೇರ ಹಿಂಬದಿಯಲ್ಲಿ ಸ್ವಲ್ಪ ಗ್ರಹಣಶಕ್ತಿಯಿರುತ್ತದೆ. ಆಗ ಮಾನಿಟರ್ ಓರೆಯಾಗಿ ಬದಿಗೆ ಸರಿಯಬೇಕು. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಈ ದಿಕ್ಕಿನ ಗುಣವೇ ಕೆಟ್ಟು ಕೂಗು ಹೆಚ್ಚುತ್ತದೆ. ಕೂಗು ಬಂದಾಗ ಕೈಯಿಂದ ಮುಚ್ಚುವುದು ಎಲ್ಲೆಡೆ ಕಾಣುವ ತಪ್ಪು ಅಭ್ಯಾಸ.

ಇಷ್ಟಾದ ಮೇಲೂ ಕೂಗಿದರೆ ಅದು ಯಾವ ದಾರಿಯಲ್ಲಿ ಸುತ್ತುತ್ತಿದೆ ಎಂದು ಪತ್ತೆಮಾಡಬೇಕು. ಮಾನಿಟರಿನ ಆಕ್ಸ್ ಮಾಸ್ಟರನ್ನು ತುಸು ಇಳಿಸಿದಾಗ ನಿಂತರೆ ದೋಷ ಆ ದಾರಿಯದು. ನಿಲ್ಲದಿದ್ದರೆ ಮುಖ್ಯ ಬಸ್ಸಿನದು. ಆ ದಾರಿಯ ಈಕ್ವಲೈಸರಿನಲ್ಲಿ ಕೂಗುವ ಕಂಪನಾಂಕವೊಂದನ್ನೇ ತಗ್ಗಿಸಿದರೆ ಸಾಕು. ಮಾಸ್ಟರ್ ಫೇಡರನ್ನೇ ಎಳೆದುಬಿಡುವುದರಿಂದ ಕೂಗಿನೊಡನೆ ಕಥೆಯೂ ನಿಲ್ಲುತ್ತದೆ.

ಒಂದು ಮೇಳದ ಹಂಚಿಕೆ

ಒಂದು ಕಂಸಾಳೆ ಮೇಳಕ್ಕೆ 12 ಚಾನೆಲ್, ನಾಲ್ಕು ಆಕ್ಸ್, ಎರಡು ಗ್ರೂಪ್ ಇರುವ ಮಿಕ್ಸರ್ ದೊರೆತಿದೆ ಎಂದು ಭಾವಿಸಬಹುದು. ಮೊದಲ ಚಾನೆಲ್ ಮುಖ್ಯ ಗಾಯಕನಿಗೆ, ಎರಡು ಮತ್ತು ಮೂರು ಹಿಮ್ಮೇಳದವರಿಗೆ, ನಾಲ್ಕು ತಂಬೂರಿಗೆ, ಐದು ಹಾರ್ಮೋನಿಯಮ್ಮಿಗೆ, ಆರು ಚರ್ಮವಾದ್ಯಕ್ಕೆ, ಏಳು ನಿರೂಪಕರಿಗೆ, ಎಂಟು ಕಂಸಾಳೆಗೆ. ಬಿಳಿಯ ಟೇಪು ಅಂಟಿಸಿ ಪ್ರತಿ ಫೇಡರಿನ ಕೆಳಗೂ ಹೆಸರು ಬರೆದಿಡುವುದು ರೂಢಿ. ಕತ್ತಲಲ್ಲಿ, ಅವಸರದಲ್ಲಿ, ಸಂಖ್ಯೆಗಿಂತ ಹೆಸರು ಬೇಗ ಕಣ್ಣಿಗೆ ಬೀಳುತ್ತದೆ.

ಕಂಸಾಳೆಯ ಚಾನೆಲ್ಲನ್ನು ಮುಖ್ಯ ಬಸ್ಸಿಗೆ ಸೇರಿಸಬಾರದು. ಹೊಸಬರು ಇಲ್ಲಿಯೇ ಎಡವುತ್ತಾರೆ. ಮೈಕ್ ಇದೆಯೆಂದ ಮೇಲೆ ಅದು ಸ್ಪೀಕರಿಗೆ ಹೋಗಲೇಬೇಕೆಂದು ತೋರುತ್ತದೆ. ಆದರೆ ಗಾಯಕನು ಕಂಸಾಳೆಯನ್ನು ಹಿಡಿದೇ ಹಾಡುವುದರಿಂದ ಅದರ ನಾದ ಅವನ ಮೈಕಿಗೆ ಬೇಡವೆಂದರೂ ಬಂದು ಸೇರುತ್ತದೆ, ಎಷ್ಟೋ ಸಲ ಬೇಕಾದುದಕ್ಕಿಂತ ಹೆಚ್ಚೇ ಸೇರುತ್ತದೆ. ಅದಕ್ಕಾಗಿ ಗಾಯಕನ ಮೈಕನ್ನು ಬಾಯಿಗೆ ಮೂರು ನಾಲ್ಕು ಬೆರಳು ಅಂತರದಲ್ಲಿ, ತಲೆ ಬಾಯಿಯ ಕಡೆಗೂ ಬೆನ್ನು ಕೆಳಮುಖವಾಗಿ ಕೈಗಳ ಕಡೆಗೂ ಇರುವಂತೆ ನಿಲ್ಲಿಸಬೇಕು. ಆಗ ಮೈಕು ಕಡಿಮೆ ಹಿಡಿಯುವ ಬದಿಗೆ ಕಂಸಾಳೆ ಬರುತ್ತದೆ. ಎಂಟನೆಯ ಚಾನೆಲ್ ಇರುವುದು ಧ್ವನಿಮುದ್ರಣಕ್ಕಾಗಿ ಮಾತ್ರ.

ಮೊದಲ ಆಕ್ಸ್ ಮುಖ್ಯ ಗಾಯಕನ ಮಾನಿಟರ್. ಅದಕ್ಕೆ ಅವನದೇ ದನಿ ಹೆಚ್ಚಾಗಿ, ಶ್ರುತಿಗಾಗಿ ತಂಬೂರಿ ಅಥವಾ ಹಾರ್ಮೋನಿಯಂ ಸ್ವಲ್ಪವಾಗಿ ಹೋಗಬೇಕು. ಕಂಸಾಳೆಯೂ ಚರ್ಮವಾದ್ಯವೂ ಅವನ ಪಕ್ಕದಲ್ಲೇ ಇವೆ. ಅವನ್ನು ಮಾನಿಟರಿಗೆ ಕೊಡುವುದು ವೇದಿಕೆಯ ಗದ್ದಲವನ್ನು ಹೆಚ್ಚಿಸುವುದಷ್ಟೇ. ಎರಡನೆಯ ಆಕ್ಸ್ ಹಿಮ್ಮೇಳದ ಮಾನಿಟರ್. ಅವರಿಗೆ ತಮ್ಮ ದನಿಗಿಂತ ಮುಖ್ಯ ಗಾಯಕನ ದನಿ ಹೆಚ್ಚು ಬೇಕು, ಏಕೆಂದರೆ ಅವನು ಬಿಟ್ಟ ಜಾಗದಲ್ಲಿ ಅವರು ಸೊಲ್ಲು ಹಿಡಿಯಬೇಕು. ಇಬ್ಬರಿಗೂ ಒಂದೇ ಮಾನಿಟರ್ ಮಿಶ್ರಣ ಕೊಟ್ಟರೆ ಒಬ್ಬರಿಗಂತೂ ತೊಂದರೆ ತಪ್ಪದು.

ಮೂರನೆಯ ಆಕ್ಸ್ ಮುದ್ರಣಕ್ಕೆ, ಅದೂ ಪ್ರೀ. ನಾಲ್ಕನೆಯದು ಎಕೋಗೆ, ಪೋಸ್ಟ್. ಎಕೋದಿಂದ ಮರಳುವ ಸಂಕೇತವನ್ನು ಒಂಬತ್ತನೆಯ ಚಾನೆಲ್ಲಿಗೆ ತಂದುಕೊಂಡರೆ ಅದನ್ನು ಒಂದು ಫೇಡರಿನಲ್ಲಿ ಆಳಬಹುದು. ಆ ಚಾನೆಲ್ಲಿನ ನಾಲ್ಕನೆಯ ಆಕ್ಸ್ ಗುಂಡಿ ಮಾತ್ರ ಸೊನ್ನೆಯಲ್ಲೇ ಇರಬೇಕು. ಇಲ್ಲವಾದರೆ ಎಕೋ ತನ್ನನ್ನೇ ತಾನು ನುಂಗುತ್ತ ಮೈಕಿಲ್ಲದೆಯೇ ಕೂಗು ಹುಟ್ಟುತ್ತದೆ. ಜಾನಪದ ಹಾಡಿಕೆಗೆ ಎಕೋ ಹೆಚ್ಚಿಸಿದಷ್ಟೂ ಭಕ್ತಿ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಹಾಡಿನ ಎಳೆದ ಸ್ವರಕ್ಕೆ ಸ್ವಲ್ಪ ಮಾರ್ದನಿ ಹಿತವಾದೀತು. ಕಥೆಯ ವಚನಭಾಗ ಬಂದಾಗ ಒಂದು ಮಾತಿನ ಬಾಲ ಮುಂದಿನ ಮಾತಿನ ತಲೆಯ ಮೇಲೆ ಬಿದ್ದು ಎರಡೂ ಕೆಡುತ್ತವೆ. ಹಾಡು ನಿಂತು ಮಾತು ಆರಂಭವಾದ ಕೂಡಲೇ ಒಂಬತ್ತನೆಯ ಫೇಡರನ್ನು ಇಳಿಸಿ, ಹಾಡು ಮರಳಿದಾಗ ಏರಿಸುವಷ್ಟು ನಿರ್ವಾಹಕನಿಗೆ ಕಥೆಯ ಪರಿಚಯವಿರಬೇಕು. ಮಾನಿಟರಿಗೆ ಎಕೋ ಕೊಡದಿರುವುದೇ ಲೇಸು.

ಒಂದರಿಂದ ಮೂರರವರೆಗಿನ ಚಾನೆಲ್ಲುಗಳನ್ನು ಮೊದಲ ಗ್ರೂಪಿಗೂ, ನಾಲ್ಕರಿಂದ ಆರನ್ನು ಎರಡನೆಯ ಗ್ರೂಪಿಗೂ ಸೇರಿಸಿ, ಎರಡು ಗ್ರೂಪುಗಳನ್ನು ಮುಖ್ಯ ಬಸ್ಸಿಗೆ ಕೊಡಬಹುದು. ಹೀಗೆ ಮಾಡಿದಾಗ ಆ ಆರು ಚಾನೆಲ್ಲುಗಳನ್ನು ನೇರವಾಗಿ ಮುಖ್ಯ ಬಸ್ಸಿಗೆ ಸೇರಿಸುವ ಗುಂಡಿ ಮೇಲೆದ್ದಿರಬೇಕು. ಅದು ಒತ್ತಿಕೊಂಡಿದ್ದರೆ ಒಂದೇ ದನಿ ಎರಡು ದಾರಿಗಳಲ್ಲಿ ಬಂದು ಸೇರುತ್ತದೆ, ಗ್ರೂಪ್ ಫೇಡರನ್ನು ಪೂರ್ತಿ ಇಳಿಸಿದರೂ ಹಾಡು ನಿಲ್ಲುವುದಿಲ್ಲ. ನಿರೂಪಕರ ಚಾನೆಲ್ ಗ್ರೂಪುಗಳಿಂದ ಹೊರಗಿದ್ದು ನೇರವಾಗಿ ಹೋಗಲಿ. ಅತಿಥಿಗಳ ಮಾತು ಮುಗಿಯುವವರೆಗೆ ಎರಡು ಗ್ರೂಪ್ ಫೇಡರುಗಳನ್ನು ಇಳಿಸಿಟ್ಟರೆ ವೇದಿಕೆಯ ಉಳಿದ ಮೈಕುಗಳೆಲ್ಲ ಸಭೆಯ ಪಾಲಿಗೆ ಮುಚ್ಚಿದಂತಾಗುತ್ತದೆ.

ಜಾತ್ರಾಮಾಳದಲ್ಲಿ

ಜಾತ್ರೆಯಲ್ಲಿ ಧ್ವನಿ ತಲುಪಬೇಕಾದ ಸ್ಥಳ ಒಂದೇ ಅಲ್ಲ. ವೇದಿಕೆಯ ಮುಂದಿನ ಬಯಲಿಗೆ ಹಾಡು ಬೇಕು. ಅಂಗಡಿಬೀದಿ, ಪ್ರಸಾದದ ಸಾಲು, ಬಸ್ಸು ನಿಲ್ಲುವ ಜಾಗಗಳಿಗೆ ಕಳೆದುಹೋದ ಮಕ್ಕಳ ಪ್ರಕಟಣೆ ಬೇಕು, ಹಾಡು ಬೇಕಿಲ್ಲ. ಕಂಬಗಳಿಗೆ ಕಟ್ಟಿದ ಹಾರ್ನ್ ಸ್ಪೀಕರುಗಳಿಗೆ ಎಲ್ಲವನ್ನೂ ಸುರಿದರೆ ಜನ ಕೆಲವೇ ಹೊತ್ತಿನಲ್ಲಿ ಕೇಳುವುದನ್ನೇ ಬಿಡುತ್ತಾರೆ. ನಡುವೆ ಬಂದ ಮಗುವಿನ ಹೆಸರೂ ಆ ಸದ್ದಿನಲ್ಲಿ ಮುಳುಗುತ್ತದೆ. ಆದುದರಿಂದ ಪ್ರಕಟಣೆಯ ಮೈಕಿಗೆ ಪ್ರತ್ಯೇಕ ಚಾನೆಲ್ ಇಟ್ಟು, ಅದನ್ನು ಮುಖ್ಯ ಬಸ್ಸಿಗೂ ಹಾರ್ನುಗಳ ದಾರಿಗೂ ಕೊಟ್ಟು, ಹಾಡಿನ ಚಾನೆಲ್ಲುಗಳನ್ನು ಮುಖ್ಯ ಬಸ್ಸಿಗೆ ಮಾತ್ರ ಕೊಡಬೇಕು. ದೂರದ ಹಾರ್ನುಗಳನ್ನು 100 ವೋಲ್ಟ್ ಲೈನ್ ಎಂಬ ಕ್ರಮದಲ್ಲಿ ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸುತ್ತಾರೆ. ಉದ್ದನೆಯ ತಂತಿಯಲ್ಲಿ ಶಕ್ತಿ ಸೋರಿಹೋಗದಂತೆ ಇದು ತಡೆಯುತ್ತದೆ. ಮ್ಯಾಟ್ರಿಕ್ಸ್ ಇದ್ದರೆ ಈ ಹಂಚಿಕೆ ಸುಲಭ, ಇಲ್ಲದಿದ್ದರೆ ಒಂದು ಆಕ್ಸ್ ಸಾಕು.

ಬಯಲು ಉದ್ದವಾಗಿದ್ದು ನಡುವೆ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿದಾಗ ಅದಕ್ಕೆ ಹೋಗುವ ಸಂಕೇತವನ್ನು ತಡಮಾಡಬೇಕಾಗುತ್ತದೆ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ, ತಂತಿಯಲ್ಲಿನ ಸಂಕೇತ ತಕ್ಷಣವೇ ತಲುಪುತ್ತದೆ. 34 ಮೀಟರ್ ದೂರದ ಸ್ಪೀಕರಿಗೆ ಸುಮಾರು 100 ಮಿಲಿಸೆಕೆಂಡ್ ತಡ ಕೊಡದಿದ್ದರೆ ಅಲ್ಲಿ ಕುಳಿತವರಿಗೆ ಪ್ರತಿ ಮಾತೂ ಎರಡು ಸಲ ಕೇಳುತ್ತದೆ. ಇನ್ನೂ 10-15 ಮಿಲಿಸೆಕೆಂಡ್ ಸೇರಿಸಿದರೆ ದನಿ ವೇದಿಕೆಯಿಂದಲೇ ಬರುತ್ತಿರುವಂತೆ ಭಾಸವಾಗುತ್ತದೆ.

ಧ್ವನಿಮುದ್ರಣ

ಸಭೆಗೆ ಹೋಗುವ ಮಿಶ್ರಣವನ್ನೇ ಮುದ್ರಿಸಿಕೊಳ್ಳುವುದು ಸಾಮಾನ್ಯ. ಮೇಲಿನ ಉದಾಹರಣೆಯಲ್ಲಿ ಹಾಗೆ ಮಾಡಿದರೆ ಮುದ್ರಣದಲ್ಲಿ ಕಂಸಾಳೆ ಎಲ್ಲಿಯೋ ದೂರದಲ್ಲಿ ಕೇಳುತ್ತದೆ. ವೇದಿಕೆಯಿಂದ ತಾನಾಗಿಯೇ ಜೋರಾಗಿ ಕೇಳುವ ವಾದ್ಯಕ್ಕೆ ಸಭೆಯ ಮಿಶ್ರಣದಲ್ಲಿ ಜಾಗ ಕಡಿಮೆ, ಮುದ್ರಣಯಂತ್ರಕ್ಕೆ ವೇದಿಕೆ ಕಾಣುವುದಿಲ್ಲ. ಮೂರನೆಯ ಆಕ್ಸಿನಲ್ಲಿ ಎಂಟನೆಯ ಚಾನೆಲ್ಲಿನ ಕಂಸಾಳೆಯನ್ನೂ, ಜನರತ್ತ ತಿರುಗಿಸಿದ ಇನ್ನೊಂದು ಮೈಕನ್ನೂ ಹದವಾಗಿ ಸೇರಿಸಿದರೆ ಮುದ್ರಣ ಪೂರ್ಣವಾಗುತ್ತದೆ. ಕೇಳುಗರ ಸೊಲ್ಲು, ನಗೆ, ‘ಉಘೇ’ ಎಂಬ ಘೋಷ ಕಥಾಗಾಯನದ ಭಾಗವೇ ಆಗಿರುವುದರಿಂದ ಅವನ್ನು ಬಿಟ್ಟ ಮುದ್ರಣ ಜಾನಪದ ಅಧ್ಯಯನಕ್ಕೆ ಅರೆಬರೆಯಾದದ್ದು. ಪ್ರತಿ ಚಾನೆಲ್ಲನ್ನೂ ಬೇರೆಬೇರೆಯಾಗಿ ಕಂಪ್ಯೂಟರಿಗೆ ಕಳುಹಿಸುವ ಮಿಕ್ಸರುಗಳಿದ್ದರೆ ಹದವನ್ನು ಆಮೇಲೆ ಸಾವಧಾನವಾಗಿ ನೋಡಿಕೊಳ್ಳಬಹುದು. ಕಲಾವಿದರ ಒಪ್ಪಿಗೆಯಿಲ್ಲದೆ ಮುದ್ರಿಸುವುದು ಸಲ್ಲದು.

ಡಿಜಿಟಲ್ ಮಿಕ್ಸರುಗಳು

2005ರಲ್ಲಿ ಬಂದ ಯಮಾಹಾ ಎಂ7ಸಿಎಲ್, 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32 ಮುಂತಾದ ಡಿಜಿಟಲ್ ಮಿಕ್ಸರುಗಳಲ್ಲಿ ಹಂಚಿಕೆ ತಂತಿ, ಗುಂಡಿಗಳಿಂದ ತಂತ್ರಾಂಶಕ್ಕೆ ಸಾಗಿದೆ. ಎಕ್ಸ್32ರಲ್ಲಿ 16 ಮಿಕ್ಸ್ ಬಸ್‌ಗಳೂ ಆರು ಮ್ಯಾಟ್ರಿಕ್ಸ್ ಬಸ್‌ಗಳೂ ಇವೆ. ಯಾವ ಬಸ್ ಪ್ರೀ, ಯಾವುದು ಪೋಸ್ಟ್ ಎಂಬುದನ್ನು ನಿರ್ವಾಹಕನೇ ನಿಶ್ಚಯಿಸಬಹುದು, ಇಡೀ ವ್ಯವಸ್ಥೆಯನ್ನು ಉಳಿಸಿಟ್ಟು ಮುಂದಿನ ಕಾರ್ಯಕ್ರಮದಲ್ಲಿ ಮರಳಿ ತರಬಹುದು. ಟ್ಯಾಬ್ಲೆಟ್ ಹಿಡಿದು ವೇದಿಕೆಗೆ ಹೋಗಿ ಗಾಯಕನ ಪಕ್ಕದಲ್ಲಿ ನಿಂತು ಅವನಿಗೆ ಕೇಳುವುದನ್ನೇ ತಾನೂ ಕೇಳುತ್ತ ಮಾನಿಟರ್ ಹೊಂದಿಸಲು ಸಾಧ್ಯವಾಗಿರುವುದು ಇವುಗಳ ನಿಜವಾದ ಲಾಭ. ತೊಡಕೆಂದರೆ ದಾರಿ ಕಣ್ಣಿಗೆ ಕಾಣದು. ಹಿಂದಿನ ರಸಮಂಜರಿಗೆ ಮಾಡಿದ ಹಂಚಿಕೆ ಒಳಗೇ ಉಳಿದಿದ್ದರೆ ತಂಬೂರಿಯ ದನಿ ಯಾವುದೋ ಬಸ್ಸಿನಲ್ಲಿ ಹೋಗಿ ಎಲ್ಲಿಯೋ ಕೇಳಿಸಬಹುದು. ಎಂಟು ಮೈಕುಗಳ ಊರ ಕಾರ್ಯಕ್ರಮಕ್ಕೆ ಒಳ್ಳೆಯ ಹಳೆಯ ಅನಲಾಗ್ ಮಿಕ್ಸರ್ ಯಾವ ರೀತಿಯಲ್ಲೂ ಕಡಿಮೆಯಲ್ಲ.

ವಿದ್ಯುತ್ ಮತ್ತು ನಿಯಮ

ಚಾಲೂ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ನಿಲ್ಲಿಸುವಾಗ ಆಂಪ್ಲಿಫೈಯರ್ ಮೊದಲು. ಕಂಡೆನ್ಸರ್ ಮೈಕುಗಳಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತನ್ನು ಹಾಕುವಾಗ, ತೆಗೆಯುವಾಗ ಆ ಚಾನೆಲ್ಲುಗಳನ್ನು ಮುಚ್ಚಿರಬೇಕು.

ವೇದಿಕೆಯ ಉಪಕರಣಗಳಿಗೆ ಒಂದು ಕಡೆಯಿಂದ, ಮಿಕ್ಸರಿಗೆ ಇನ್ನೊಂದು ಕಡೆಯಿಂದ ವಿದ್ಯುತ್ ತೆಗೆದುಕೊಂಡರೆ ಎರಡು ಭೂಸಂಪರ್ಕಗಳ ನಡುವೆ ಸುತ್ತು ಏರ್ಪಟ್ಟು ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಹುಟ್ಟಬಹುದು. ಇದನ್ನು ನಿಲ್ಲಿಸಲು ಪ್ಲಗ್ಗಿನ ಅರ್ತ್ ತಂತಿಯನ್ನು ಕಿತ್ತುಹಾಕುವ ಅಭ್ಯಾಸ ಪ್ರಾಣಾಂತಿಕವಾದುದು. ಉಪಕರಣದೊಳಗೆ ದೋಷ ಉಂಟಾದರೆ ಲೋಹದ ಮೈಕು ಹಿಡಿದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಗಾಯಕನ ಮೂಲಕವೇ ವಿದ್ಯುತ್ ಭೂಮಿಗೆ ಹರಿಯುತ್ತದೆ. ದೇವರಗುಡ್ಡರೂ ನೀಲಗಾರರೂ ಬರಿಗಾಲಲ್ಲಿ ಹಾಡುವುದು ಸಾಮಾನ್ಯವಾದ್ದರಿಂದ ಈ ಅಪಾಯ ಇಲ್ಲಿ ಹೆಚ್ಚು. ಎಲ್ಲ ಉಪಕರಣಗಳಿಗೂ ಒಂದೇ ಮೂಲದಿಂದ ವಿದ್ಯುತ್ ಕೊಡುವುದು, ಸಂಕೇತದ ದಾರಿಯಲ್ಲಿ ಡಿಐ ಪೆಟ್ಟಿಗೆ ಅಥವಾ ಪ್ರತ್ಯೇಕಕ ಟ್ರಾನ್ಸ್‌ಫಾರ್ಮರ್ ಇಡುವುದು ಸರಿಯಾದ ಪರಿಹಾರ.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕ ಬಳಕೆಗೆ ಅನುಮತಿ ಬೇಕು. ಸಭಾಭವನದಂತಹ ಮುಚ್ಚಿದ ಸ್ಥಳಗಳನ್ನು ಬಿಟ್ಟರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ರಾಜ್ಯ ಸರ್ಕಾರವು ವರ್ಷಕ್ಕೆ ಒಟ್ಟು 15 ದಿನಗಳನ್ನು ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಸದ್ದು ಆ ಪ್ರದೇಶದ ನಿಗದಿತ ಮಟ್ಟಕ್ಕಿಂತ 10 ಡೆಸಿಬೆಲ್ ಹೆಚ್ಚನ್ನು ಅಥವಾ 75 ಡೆಸಿಬೆಲನ್ನು, ಇವೆರಡರಲ್ಲಿ ಕಡಿಮೆಯಾದುದನ್ನು, ಮೀರಬಾರದು. ರಾತ್ರಿಯಿಡೀ ನಡೆಯುವ ಕಥಾಗಾಯನವು ಬಯಲಿನಲ್ಲಿ ಹೀಗೆ ಎರಡು ಭಾಗವಾಗುತ್ತದೆ. ಹತ್ತು ಗಂಟೆಗೆ ಆಂಪ್ಲಿಫೈಯರ್ ಆರಿದ ಮೇಲೆ ಜನ ವೇದಿಕೆಯ ಹತ್ತಿರಕ್ಕೆ ಸರಿದು ಕೂರುತ್ತಾರೆ, ಉಳಿದ ಸಾಲುಗಳನ್ನು ಗಾಯಕನು ಬರಿಯ ಕಂಠದಲ್ಲೇ ಮುಂದುವರಿಸಬೇಕಾಗುತ್ತದೆ. ಸಂಜೆಯ ಹೊತ್ತಿನಲ್ಲಿ ಅವನ ಮಾನಿಟರ್ ಸರಿಯಾಗಿ ಕೇಳಿಸಿದ್ದರೆ ಆ ಹೊತ್ತಿಗೂ ಅವನ ಗಂಟಲಿನಲ್ಲಿ ದನಿ ಉಳಿದಿರುತ್ತದೆ.